ಹೆಸರು ಮರೆಯಲ್ಲಿಟ್ಟು ಹಕ್ಕಿ ದಾಖಲಿಸುವವರನ್ನು ನಂಬಬಹುದೇ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ ಶಾಲಾ ಶಿಕ್ಷಕಿ. ನಾಲ್ಕು ವರ್ಷಗಳಿಂದ ನಮ್ಮ ಕೆರೆಯ ಹಕ್ಕಿಗಳನ್ನು ನೋಡಿ, ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಎಂಬ ಜಾಲತಾಣದಲ್ಲಿ ಪಟ್ಟಿ ಹಾಕುತ್ತಿದ್ದೇನೆ. ಬೆಳಗಿನ ಹೊತ್ತು ಒಬ್ಬಳೇ ಹೋಗುವವಳಾದ್ದರಿಂದ ಅಲ್ಲಿ ನನ್ನ ಹೆಸರು ಸಾರ್ವಜನಿಕರಿಗೆ ಕಾಣದಂತೆ ಇಟ್ಟಿದ್ದೇನೆ. ಹವ್ಯಾಸಿಗಳ ಟೆಲಿಗ್ರಾಂ ಬಳಗದಲ್ಲಿಯೂ ‘ಕೆರೆಯಂಗಳ’ ಎಂಬ ಹೆಸರಿನಲ್ಲಿದ್ದೇನೆ. ಕಳೆದ ಅಕ್ಟೋಬರ್ ಮೊದಲ ವಾರ, ನೀಲಕಂಠವನ್ನು ಹೋಲುವ ಯುರೋಪಿಯನ್ ರೋಲರ್ ಎಂಬ ವಲಸೆ ಹಕ್ಕಿ ಕಂಡದ್ದಾಗಿ ಬಳಗದಲ್ಲಿ ಬರೆದೆ; ಫೋಟೊ ಸಿಕ್ಕಿರಲಿಲ್ಲ. ಹಿರಿಯರೊಬ್ಬರು “ಹೆಸರು ಹೇಳಲು ಅಂಜುವವರ ದಾಖಲೆಯನ್ನು ನಾವೇಕೆ ನಂಬಬೇಕು?” ಎಂದು ಎಲ್ಲರೆದುರು ಕೇಳಿದರು. ನಾನು ಹೆಸರು, ಊರು ಹೇಳಿಬಿಡಬೇಕೇ? ಹೇಳದಿದ್ದರೆ ನನ್ನ ನಾಲ್ಕು ವರ್ಷದ ಕೆಲಸಕ್ಕೆ ಬೆಲೆ ಇಲ್ಲವೇ?

ಉತ್ತರ: ಹೇಳಬೇಕಾಗಿಲ್ಲ. ನಿಮ್ಮ ಕೆಲಸಕ್ಕೆ ಬೆಲೆ ಇದೆ. ಆದರೆ ಆ ಹಿರಿಯರ ಮಾತನ್ನು ಒರಟುತನವೆಂದು ತಳ್ಳಿಹಾಕುವ ಮೊದಲು ಅದರಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿರುವುದನ್ನು ಗಮನಿಸಬೇಕು. ‘ನೀವು ಯಾರು’ ಎಂಬುದು ಒಂದು, ‘ನೀವು ಹೇಳಿದ್ದನ್ನು ಏಕೆ ನಂಬಬೇಕು’ ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳುವ ಹಕ್ಕು ಬಳಗದಲ್ಲಿ ಯಾರಿಗೂ ಇಲ್ಲ. ಎರಡನೆಯದನ್ನು ಕೇಳುವ ಹಕ್ಕು ಎಲ್ಲರಿಗೂ ಇದೆ, ಮತ್ತು ಅದಕ್ಕೆ ಉತ್ತರ ಕೊಡುವುದು ಹೆಸರಿದ್ದವರಿಗೂ ಇಲ್ಲದವರಿಗೂ ಸಮಾನವಾದ ಹೊಣೆ. ಒಂದನ್ನು ಇನ್ನೊಂದರ ಬದಲಿಗೆ ಕೇಳಿದಾಗ ತೊಂದರೆ ಶುರುವಾಗುತ್ತದೆ.

ನೀವು ‘ಅನಾಮಿಕ’ರು ಎಂದು ಬಳಗದವರು ಹೇಳುವುದೇ ನನಗೆ ಸರಿಯೆನಿಸುವುದಿಲ್ಲ. ಇಂದು ಒಂದು ಹೆಸರು, ನಾಳೆ ಮತ್ತೊಂದು ಹೆಸರು ಇಟ್ಟುಕೊಂಡು, ಹೇಳಿದ ಮಾತಿಗೆ ಮರುದಿನ ಸಿಗದೇ ಹೋಗುವವರು ಅನಾಮಿಕರು. ನಾಲ್ಕು ವರ್ಷ ಒಂದೇ ಖಾತೆಯಲ್ಲಿ, ಒಂದೇ ಹೆಸರಿನಲ್ಲಿ, ಒಂದೇ ಕೆರೆಯನ್ನು ಬರೆದವರು ಅಂಕಿತವಿಟ್ಟುಕೊಂಡವರು. ಕನ್ನಡದವರಿಗೆ ಇದು ಹೊಸ ಸಂಗತಿಯಲ್ಲ. ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ವಚನವೊಂದು ಯಾರದೆಂದು ತೀರ್ಮಾನಿಸಲು ವಿದ್ವಾಂಸರು ಮೊದಲು ನೋಡುವುದು ಆ ಅಂಕಿತವನ್ನೇ. ಬೇಂದ್ರೆಯವರು ಅಂಬಿಕಾತನಯದತ್ತರಾಗಿ ಬರೆದರು, ಅನಸೂಯಾ ಶಂಕರ್ ಅವರನ್ನು ಓದುಗರು ತ್ರಿವೇಣಿಯೆಂದೇ ಅರಿತರು. ಇವರ ಮನೆಯ ಹೆಸರು ತಿಳಿಯದ ಓದುಗನೂ ಆ ಹೆಸರಿನ ಮೇಲೆ ನಂಬಿಕೆ ಇಟ್ಟನು, ಏಕೆಂದರೆ ಆ ಹೆಸರಿನ ಹಿಂದೆ ಒಂದು ಕೃತಿರಾಶಿ ನಿಂತಿತ್ತು. ಮನ್ನಣೆ ಅಂಟಿಕೊಳ್ಳುವುದು ಆಧಾರ್ ಕಾರ್ಡಿನಲ್ಲಿರುವ ಹೆಸರಿಗಲ್ಲ, ಬದಲಾಯಿಸದೆ ಉಳಿಸಿಕೊಂಡ ಹೆಸರಿಗೆ. ‘ಕೆರೆಯಂಗಳ’ವನ್ನು ನೀವು ಬಿಡಬಾರದು, ಈ ಜಗಳದಿಂದ ಬೇಸತ್ತು ಹೊಸ ಹೆಸರಿನಲ್ಲಿ ಮತ್ತೆ ಸೇರಿಕೊಂಡರೆ ನಾಲ್ಕು ವರ್ಷದ ಗಳಿಕೆಯನ್ನು ನೀವೇ ಕೆರೆಗೆ ಎಸೆದಂತಾಗುತ್ತದೆ.

ಇನ್ನು ಇ-ಬರ್ಡ್‌ನ ವಿಷಯಕ್ಕೆ ಬರೋಣ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಅಲ್ಲಿನ ಆಡುಬಾನ್ ಸಂಸ್ಥೆ ಸೇರಿ 2002ರಲ್ಲಿ ಆರಂಭಿಸಿದ ಈ ವ್ಯವಸ್ಥೆಯಲ್ಲಿ ಖಾತೆ ತೆರೆಯುವಾಗ ಹೆಸರು ಮತ್ತು ಇಮೇಲ್ ಕೊಡಲೇಬೇಕು. ಆದರೆ ಸಾರ್ವಜನಿಕ ಪುಟಗಳಲ್ಲಿ ‘ಅನಾನಿಮಸ್ ಇ-ಬರ್ಡರ್’ ಎಂದಷ್ಟೇ ಕಾಣುವಂತೆ ಆಯ್ದುಕೊಳ್ಳಲು ಅವಕಾಶವಿದೆ. ಆ ಪ್ರದೇಶಕ್ಕೆ, ಆ ತಿಂಗಳಿಗೆ ಅಪರೂಪವಾದ ಹಕ್ಕಿಯನ್ನೋ ಅಸಹಜವಾಗಿ ದೊಡ್ಡ ಸಂಖ್ಯೆಯನ್ನೋ ಬರೆದರೆ ತಾಣದ ಸ್ವಯಂಚಾಲಿತ ಶೋಧಕವು (ಫಿಲ್ಟರ್) ಅದನ್ನು ತಡೆದು ಸ್ವಯಂಸೇವಕ ಪರಿಶೀಲಕರ ಮುಂದಿಡುತ್ತದೆ. ಪರಿಶೀಲಕರಿಗೆ ನಿಮ್ಮ ಖಾತೆಯ ಹೆಸರು ಕಾಣುತ್ತದೆ, ನಿಮಗೆ ಪತ್ರ ಬರೆದು ಕೇಳಬಹುದು. ಅಂದರೆ ನೀವು ಊರಿಗೆಲ್ಲ ಮರೆಯಲ್ಲಿದ್ದರೂ ಉತ್ತರ ಕೇಳಬೇಕಾದವರಿಗೆ ಮರೆಯಲ್ಲಿಲ್ಲ. ಹಿರಿಯರಿಗೆ ಇದು ತಿಳಿದಿರಲಿಕ್ಕಿಲ್ಲ, ತಿಳಿಸಿ. ಕೆಲವರಿಗೆ ಗೊತ್ತು, ಎಲ್ಲರಿಗೂ ಗೊತ್ತಿಲ್ಲ ಎಂಬ ಈ ನಡುವಿನ ಸ್ಥಿತಿಯೇ ಹವ್ಯಾಸಿಗಳಿಗೆ ಅತ್ಯಂತ ಯೋಗ್ಯವಾದದ್ದು ಎಂದು ಹಲವು ವರ್ಷ ಪಟ್ಟಿಗಳನ್ನು ಪರಿಶೀಲಿಸಿದ ನಾನು ನಂಬಿದ್ದೇನೆ.

ಈ ನಂಬಿಕೆ ನನಗೆ ಮೊದಲಿನಿಂದ ಇರಲಿಲ್ಲ. ಪರಿಶೀಲನೆ ಆರಂಭಿಸಿದ ಹೊಸತರಲ್ಲಿ ಒಂದೇ ಚಳಿಗಾಲದಲ್ಲಿ ಎರಡು ತಪ್ಪು ಮಾಡಿದೆ. ಎಲ್ಲರೂ ಗೌರವಿಸುವ ವೀಕ್ಷಕರೊಬ್ಬರು ಜನವರಿಯಲ್ಲಿ ಒಂದು ಕೆರೆಯ ಬಳಿ ಅಮೂರ್ ಫಾಲ್ಕನ್ ಎಂಬ ವಲಸೆ ಬೇಟೆಹಕ್ಕಿ ಕಂಡದ್ದಾಗಿ ಬರೆದಿದ್ದರು. ಆ ಹಕ್ಕಿ ನಮ್ಮ ದೇಶವನ್ನು ಹಾದು ಆಫ್ರಿಕದ ದಕ್ಷಿಣಕ್ಕೆ ಹೋಗುವುದು ಅಕ್ಟೋಬರಿನಿಂದ ಡಿಸೆಂಬರಿನ ಒಳಗೆ. ಜನವರಿಯಲ್ಲಿ ಅದು ಇಲ್ಲಿ ಏನು ಮಾಡುತ್ತಿತ್ತು ಎಂದು ನಾನು ಕೇಳಬೇಕಿತ್ತು. ಹೆಸರು ನೋಡಿ ಒಪ್ಪಿದೆ. ಎರಡು ತಿಂಗಳ ನಂತರ ಅವರೇ ಸೇರಿಸಿದ ಫೋಟೊದಲ್ಲಿ ಅದನ್ನು ಹೋಲುವ ಸಾಮಾನ್ಯ ಕೆಸ್ಟ್ರೆಲ್ ಎಂಬ ಬೇರೆ ಬೇಟೆಹಕ್ಕಿ ಕುಳಿತಿತ್ತು. ಅದೇ ಚಳಿಗಾಲದ ಡಿಸೆಂಬರಿನಲ್ಲಿ, ಹೆಸರು ಮರೆಯಲ್ಲಿಟ್ಟಿದ್ದ ಒಬ್ಬ ಹುಡುಗ ಹಿನ್ನೀರಿನ ದಂಡೆಯಲ್ಲಿ ಮೂರು ಬ್ಲ್ಯಾಕ್ ಸ್ಟಾರ್ಕ್‌ಗಳನ್ನು (ಕಪ್ಪು ಕೊಕ್ಕರೆ) ಬರೆದಿದ್ದ. ಬಿಳಿ ಕತ್ತಿನ ಕೊಕ್ಕರೆಯನ್ನೇ ತಪ್ಪಾಗಿ ಗುರುತಿಸಿದ್ದಾನೆಂದು ಮೊದಲೇ ತೀರ್ಮಾನಿಸಿ ಮೂರು ಬಾರಿ ಪತ್ರ ಬರೆದೆ, ಮೂರನೆಯದು ಸೌಜನ್ಯದ ಗಡಿಯಲ್ಲಿತ್ತು. ಅವನು ವಾದಿಸಲಿಲ್ಲ. ಗೀಟುಹಾಕಿದ ನೋಟ್‌ಪುಸ್ತಕದ ಒಂದು ಹಾಳೆಯ ಫೋಟೊ ಕಳಿಸಿದ. ಪೆನ್ಸಿಲ್‌ನಲ್ಲಿ ಒಂದು ಹಕ್ಕಿ, ಬಾಣದ ಗುರುತುಗಳು: ‘ಕತ್ತು ಕಪ್ಪು, ಹೊಟ್ಟೆ ಮಾತ್ರ ಬಿಳಿ, ಕೊಕ್ಕು ಕೆಂಪು, ಕಾಲು ಕೆಂಪು.’ ಅಂಚಿನಲ್ಲಿ ಸಮಯ, ಬಿಸಿಲು ಬೆನ್ನ ಹಿಂದೆ ಎಂಬ ಮಾತು, ಅಂದಾಜು ದೂರ. ಕತ್ತು ಕಪ್ಪಾದರೆ ಬಿಳಿ ಕತ್ತಿನ ಕೊಕ್ಕರೆಯ ಮಾತೇ ಇಲ್ಲ. ನಾನು ಕ್ಷಮೆ ಕೇಳಿದೆ. ಅಂದಿನಿಂದ ಪಟ್ಟಿ ತೆರೆದಾಗ ಮೊದಲು ವಿವರ ಓದುತ್ತೇನೆ, ಆಮೇಲೆ ಹೆಸರಿನತ್ತ ಕಣ್ಣು ಹಾಯಿಸುತ್ತೇನೆ.

ಹೆಸರಿಗೆ ಮರುಳಾಗಿ ಮೋಸಹೋದದ್ದು ನಾನೊಬ್ಬನೇ ಅಲ್ಲ. ಒಂದಿಡೀ ವಿಜ್ಞಾನಶಾಖೆ ಮೋಸಹೋಗಿತ್ತು, ಅದೂ ನಮ್ಮ ದೇಶದ ಹಕ್ಕಿಯ ವಿಷಯದಲ್ಲಿ. ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹಾಗನ್ ಇಪ್ಪತ್ತನೆಯ ಶತಮಾನದ ಬ್ರಿಟಿಷ್ ಪಕ್ಷಿವಿಜ್ಞಾನದಲ್ಲಿ ಅತಿ ದೊಡ್ಡ ಹೆಸರುಗಳಲ್ಲೊಂದು. ಮಧ್ಯಭಾರತದ ಕಾಡುಗಳ ಫಾರೆಸ್ಟ್ ಔಲೆಟ್ ಎಂಬ ಪುಟ್ಟ ಗೂಬೆಯನ್ನು 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ತಾನು ಸಂಗ್ರಹಿಸಿದ್ದಾಗಿ ಆತ ಸತ್ತ ಹಕ್ಕಿಯ ಮಾದರಿಗೆ ಚೀಟಿ ಬರೆದು ಕಟ್ಟಿದ್ದ. 1884ರ ನಂತರ ಆ ಗೂಬೆಯ ಬೇರೆ ನಿಜವಾದ ಮಾದರಿ ಯಾರಿಗೂ ಸಿಕ್ಕಿರಲಿಲ್ಲವಾದ್ದರಿಂದ ಹುಡುಕುವವರು ಆ ಚೀಟಿಯನ್ನು ನಂಬಿ ಗುಜರಾತಿನ ಕಡೆ ಹೋದರು, ಬರಿಗೈಯಲ್ಲಿ ಮರಳಿದರು. ಅಮೆರಿಕದ ಪಕ್ಷಿವಿಜ್ಞಾನಿ ಪಮೇಲಾ ರಾಸ್‌ಮುಸ್ಸೆನ್ ಅವರು ಆ ಮಾದರಿಯನ್ನೇ ಪರೀಕ್ಷಿಸಿದಾಗ, ಅದು ಜೇಮ್ಸ್ ಡೇವಿಡ್‌ಸನ್ ಎಂಬುವರು 1880ರ ದಶಕದಲ್ಲಿ ಸಂಗ್ರಹಿಸಿದ್ದ ಹಕ್ಕಿಯೆಂದೂ, ವಸ್ತುಸಂಗ್ರಹಾಲಯದಿಂದ ಕದ್ದು ಹೊಸ ಚೀಟಿ ಕಟ್ಟಿದ್ದೆಂದೂ ಬಯಲಾಯಿತು. ಆ ಸುಳ್ಳು ಚೀಟಿಯನ್ನು ಬದಿಗಿಟ್ಟು, ಹಳೆಯ ನಿಜವಾದ ಮಾದರಿಗಳು ದೊರೆತ ಜಾಗಗಳತ್ತ ಹೊರಟಾಗ, 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಗೂಬೆ ಕಣ್ಣಿಗೆ ಬಿತ್ತು. ಪೂರ್ಣ ಹೆಸರು, ಖ್ಯಾತಿ, ಸೈನ್ಯದ ಹುದ್ದೆ ಎಲ್ಲವೂ ಇದ್ದ ಮನುಷ್ಯನೊಬ್ಬನ ಮಾತು ಒಂದು ಜೀವಿಯ ಹುಡುಕಾಟವನ್ನು ದಶಕಗಳ ಕಾಲ ದಾರಿ ತಪ್ಪಿಸಿತು. ‘ಹೆಸರು ಹೇಳಿದರೆ ನಂಬುತ್ತೇವೆ’ ಎನ್ನುವವರು ಈ ಗೂಬೆಯನ್ನು ನೆನಪಿಡುವುದು ಒಳ್ಳೆಯದು.

ಹಾಗಾದರೆ ದಾಖಲೆಯನ್ನು ಅಳೆಯುವುದು ಹೇಗೆ? ಇಂಗ್ಲೆಂಡಿನ ಹೇಸ್ಟಿಂಗ್ಸ್ ಸುತ್ತಮುತ್ತ ಸುಮಾರು ನಲವತ್ತು ವರ್ಷ, ಸ್ಥಳೀಯ ಚರ್ಮಪ್ರಸಾಧಕನೊಬ್ಬನ (ಸತ್ತ ಹಕ್ಕಿಗಳ ಚರ್ಮವನ್ನು ಒಳಗೆ ತುಂಬಿ ಕೆಡದಂತೆ ಇಡುವವನ) ಅಂಗಡಿಯ ಮೂಲಕ ಅಪರೂಪದ ಹಕ್ಕಿಗಳು ರಾಶಿ ರಾಶಿಯಾಗಿ ಬಂದವು. 1962ರಲ್ಲಿ ‘ಬ್ರಿಟಿಷ್ ಬರ್ಡ್ಸ್’ ಮಾಸಪತ್ರಿಕೆಯಲ್ಲಿ ಸಂಖ್ಯಾಶಾಸ್ತ್ರಜ್ಞ ಜಾನ್ ನೆಲ್ಡರ್ ಆ ದಾಖಲೆಗಳನ್ನು ನೆರೆಯ ಪ್ರದೇಶಗಳ ಮತ್ತು ನಂತರದ ವರ್ಷಗಳ ದಾಖಲೆಗಳ ಪಕ್ಕದಲ್ಲಿಟ್ಟು ನೋಡಿ, ಅವು ಸಹಜವಾಗಿರಲು ಸಾಧ್ಯವಿಲ್ಲವೆಂದು ತೋರಿಸಿದರು. 29 ಬಗೆಯ ಹಕ್ಕಿಗಳು ಬ್ರಿಟನ್ನಿನ ಪಟ್ಟಿಯಿಂದ ಹೊರಬಿದ್ದವು. ಅವುಗಳಲ್ಲಿ ಬಹುಪಾಲು ಮುಂದೆ ಬೇರೆ ಪ್ರಾಮಾಣಿಕ ದಾಖಲೆಗಳಿಂದ ಮರಳಿ ಸೇರಿದವು. ಯಾರನ್ನೂ ‘ನೀನು ಯಾರು’ ಎಂದು ಕೇಳದೆ, ಅಂಕಿಗಳ ಮೂಲಕವೇ ಈ ತೀರ್ಮಾನಕ್ಕೆ ಬಂದದ್ದು ನನಗೆ ಮುಖ್ಯವೆನಿಸುತ್ತದೆ. ನಿಮ್ಮ ನಾಲ್ಕು ವರ್ಷದ ಪಟ್ಟಿಗಳೂ ನಿಮ್ಮ ಪರವಾಗಿ ಹಾಗೆಯೇ ಮಾತನಾಡುತ್ತವೆ. ಅಪರೂಪದ ಹಕ್ಕಿಗಳಷ್ಟೇ ತುಂಬಿರುವ ಖಾತೆಯನ್ನು ಕಂಡರೆ ನನಗೆ ಅನುಮಾನ ಬರುತ್ತದೆ. ಅದೇ ಕೆರೆ, ಅದೇ ಗಂಟೆ, ಇಪ್ಪತ್ತೈದು ನಿಮಿಷ, ಅರ್ಧ ಕಿಲೋಮೀಟರು, ಕಾಗೆ ಮೈನಾಗಳನ್ನೂ ಬಿಡದೆ ಬರೆದ ಪೂರ್ಣಪಟ್ಟಿ, ‘ಇದು ಯಾವುದೆಂದು ಗೊತ್ತಾಗಲಿಲ್ಲ’ ಎಂದು ಒಪ್ಪಿಕೊಂಡ ಸಾಲುಗಳು — ಇಂಥ ಖಾತೆಯಿಂದ ವರ್ಷಕ್ಕೊಮ್ಮೆ ಅಪರೂಪದ ಹಕ್ಕಿ ಬಂದರೆ ನಾನು ಬೈನಾಕ್ಯುಲರ್ ಹಿಡಿದು ಓಡಿಹೋಗುವಷ್ಟು ನಂಬುತ್ತೇನೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು, ಏಕೆಂದರೆ ಹಿರಿಯರ ಸಿಟ್ಟಿನ ಹಿಂದೆ ಏನಾದರೂ ಕಹಿ ಅನುಭವ ಇದ್ದಿರಬಹುದು. ಒಬ್ಬರೇ ಎರಡು ಮೂರು ಹೆಸರಿನಲ್ಲಿ ಬಂದು ತಮ್ಮ ಗುರುತಿಸುವಿಕೆಗೆ ತಾವೇ ‘ಹೌದು’ ಹಾಕಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಕಂಡ ಜೀವಿಗಳನ್ನು ದಾಖಲಿಸಿ ಎಲ್ಲರೂ ಸೇರಿ ಗುರುತಿಸುವ ಐ-ನ್ಯಾಚುರಲಿಸ್ಟ್‌ನಂಥ ತಾಣದಲ್ಲಿ ಇದರ ಹಾನಿ ದೊಡ್ಡದು: ಅಲ್ಲಿ ಯಾವ ಹೆಸರನ್ನಾದರೂ ಇಟ್ಟುಕೊಳ್ಳಬಹುದು, ಮತ್ತು ಕನಿಷ್ಠ ಇಬ್ಬರು ಗುರುತಿಸಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಪ್ಪಿದರೆ ಆ ದಾಖಲೆ ಸಂಶೋಧನೆಗೆ ಯೋಗ್ಯವೆಂಬ ದರ್ಜೆ ಪಡೆಯುತ್ತದೆ. ಇಬ್ಬರೂ ಒಬ್ಬರೇ ಆದರೆ ಆ ದರ್ಜೆಗೆ ಅರ್ಥವೇ ಉಳಿಯುವುದಿಲ್ಲ. ಇದಕ್ಕಿಂತ ನಯವಾದ ತಪ್ಪೆಂದರೆ, ಇಟ್ಟುಕೊಂಡ ಹೆಸರಿಗೆ ಇಲ್ಲದ ಪದವಿ ಸೇರಿಸುವುದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಬ್ಬ ಸಂಪಾದಕ ತಾನು ದೇವಶಾಸ್ತ್ರದ ಪ್ರಾಧ್ಯಾಪಕ, ಡಾಕ್ಟರೇಟ್ ಪಡೆದವ ಎಂದು ಹೇಳಿಕೊಂಡಿದ್ದ. 2006ರಲ್ಲಿ ಅಮೆರಿಕದ ಪ್ರತಿಷ್ಠಿತ ಪತ್ರಿಕೆಯೊಂದು ಅದನ್ನು ನಂಬಿ ಬರೆಯಿತು. ಮರುವರ್ಷ ಆತ 24ರ ಹರೆಯದ, ಆ ಯಾವ ಪದವಿಯೂ ಇಲ್ಲದ ತರುಣನೆಂದು ತಿಳಿದಾಗ ಅವನು ಹುದ್ದೆಗಳನ್ನೆಲ್ಲ ಬಿಡಬೇಕಾಯಿತು. ಅವನು ನಿಜಹೆಸರು ಹೇಳಲಿಲ್ಲ ಎಂಬುದು ಮುಖ್ಯ ದೂರಾಗಿರಲಿಲ್ಲ. ಚರ್ಚೆಯಲ್ಲಿ ಎದುರಾಳಿಯ ಬಾಯಿ ಮುಚ್ಚಿಸಲು ಆ ಹುಸಿ ಪದವಿಯನ್ನು ಬಳಸಿದ್ದೇ ಜನರನ್ನು ನೋಯಿಸಿತು. ಆದ್ದರಿಂದ ‘ಕೆರೆಯಂಗಳ’ದ ಹೆಸರಿನಲ್ಲಿ ನೀವು ಯಾವಾಗಲಾದರೂ ‘ಇಪ್ಪತ್ತು ವರ್ಷದ ಅನುಭವ’ ಎಂದೋ ‘ಜೀವಶಾಸ್ತ್ರದ ಅಧ್ಯಾಪಕಿ’ ಎಂದೋ ವಾದ ಗೆಲ್ಲಲು ಹೇಳಿದರೆ, ಆಗ ಜನ ಪುರಾವೆ ಕೇಳುವುದು ನ್ಯಾಯ. ಹೆಸರು ಮರೆಯಲ್ಲಿಡುವವರು ಹೆಸರಿನ ಬಲವನ್ನೂ ಬಿಟ್ಟುಕೊಡಬೇಕು.

ಈಗ ನೀವು ಕೇಳದ, ಆದರೆ ನಿಮ್ಮ ಪತ್ರ ಓದುತ್ತಲೇ ನನಗೆ ಆತಂಕ ತಂದ ವಿಷಯ. ನೀವು ಹೆಸರನ್ನು ಮುಚ್ಚಿದ್ದೀರಿ, ಜಾಗವನ್ನೂ ಹೊತ್ತನ್ನೂ ಮುಚ್ಚಿದ್ದೀರಾ? ಅನೇಕ ಖಾತೆಗಳಲ್ಲಿ ನಾನು ನೋಡುವುದೆಂದರೆ, ಹೆಸರಿನ ಜಾಗದಲ್ಲಿ ‘ಅನಾನಿಮಸ್’ ಎಂದಿರುತ್ತದೆ, ಕೆಳಗೆ ‘ಮನೆ’ ಎಂಬ ಹೆಸರಿನ ಸ್ಥಳ, ನಕ್ಷೆಯಲ್ಲಿ ಚಾವಣಿಯ ಮೇಲೇ ನೆಟ್ಟ ಗುರುತು, ವಾರದಲ್ಲಿ ಐದು ದಿನ ಬೆಳಿಗ್ಗೆ 6.15ಕ್ಕೆ ಆರಂಭವಾಗುವ ಪಟ್ಟಿ. ಹೋಬಳಿ ಊರಿನಲ್ಲಿ ಬೈನಾಕ್ಯುಲರ್ ಹಿಡಿದು ಕೆರೆ ಏರಿಯ ಮೇಲೆ ನಡೆಯುವ ಹೆಂಗಸು ಒಬ್ಬರೇ ಇರುವಾಗ ಹೆಸರು ತಿಳಿದು ಯಾರಿಗೆ ಏನಾಗಬೇಕಾಗಿದೆ? ನಿಮ್ಮನ್ನು ಹುಡುಕಿ ಬರುವವರಿಗೆ ಹೆಸರಿಗಿಂತ ಸ್ಥಳ ಮತ್ತು ಸಮಯವೇ ಸಾಕು. ಇ-ಬರ್ಡ್‌ನಲ್ಲಿ ಕೆರೆಗೆ ಸಾರ್ವಜನಿಕ ತಾಣದ (ಹಾಟ್‌ಸ್ಪಾಟ್) ಗುರುತು ಇದ್ದರೆ ಅದನ್ನೇ ಬಳಸಿ. ಮನೆಯಿಂದ ನೋಡಿದ ಹಕ್ಕಿಗಳಿಗೆ ಹತ್ತಿರದ ರಸ್ತೆಯ ಕೂಡುವೆಡೆಯನ್ನು ಗುರುತು ಮಾಡಿ, ‘ಮನೆ’ ಎಂದು ಬರೆಯಬೇಡಿ. ಪಟ್ಟಿಯನ್ನು ಅಂದೇ ಬಳಗದಲ್ಲಿ ಹಂಚದೆ ಕೆಲವು ದಿನ ಕಳೆದು ಹಂಚಿ. ಸಾರ್ವಜನಿಕರಿಗೆ ಕಾಣದಂತೆ ಒಂದು ಪಟ್ಟಿಯನ್ನೇ ಮರೆಮಾಡುವ ಅವಕಾಶವೂ ಇ-ಬರ್ಡ್‌ನಲ್ಲಿದೆ, ಆದರೆ ಅದನ್ನು ಅಗತ್ಯವಿದ್ದಾಗ ಮಾತ್ರ ಬಳಸಿ. ಎಲ್ಲವನ್ನೂ ಮುಚ್ಚಿಟ್ಟರೆ ನಿಮ್ಮ ಹೆಸರಿಗೆ ಮನ್ನಣೆ ತರುವ ಪಟ್ಟಿಗಳೂ ಕಾಣದೇ ಹೋಗುತ್ತವೆ.

ಫೋಟೊಗಳ ವಿಷಯದಲ್ಲಿಯೂ ಎಚ್ಚರ ಬೇಕು. ಫೋನಿನ ಕ್ಯಾಮರಾದಲ್ಲಿ ಸ್ಥಳ ಸೇರಿಸುವ ಆಯ್ಕೆ ತೆರೆದಿದ್ದರೆ ಅಕ್ಷಾಂಶ ರೇಖಾಂಶಗಳು ಚಿತ್ರದ ಒಳಗೇ ಅಡಗಿರುತ್ತವೆ, ಚಿತ್ರವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದಾಗ ಅವು ಹಾಗೆಯೇ ದಾಟುತ್ತವೆ. ಟೆಲಿಗ್ರಾಂನಲ್ಲಿ ಫೋನ್ ಸಂಖ್ಯೆ ಯಾರಿಗೂ ಕಾಣದಂತೆ ಇಡಬಹುದು, ಇಟ್ಟಿದ್ದೀರಾ ನೋಡಿಕೊಳ್ಳಿ. ವಾಟ್ಸಾಪ್ ಗುಂಪಿಗೆ ಸೇರಿದರೆ ನಿಮ್ಮ ಸಂಖ್ಯೆ ಗುಂಪಿನ ಎಲ್ಲರ ಕೈಗೂ ಹೋಗುತ್ತದೆ. ಒಮ್ಮೆ ಬಾಯಿಬಿಟ್ಟು ಹೇಳಿದ ಹೆಸರನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ ಎಂಬುದು ಗೊತ್ತಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ವ್ಯಕ್ತಿ ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಅನ್ವಯಿಸುವುದಿಲ್ಲ. ಆದ್ದರಿಂದಲೇ ಎಲ್ಲರೆದುರು ಒತ್ತಾಯ ಬಂದ ಕ್ಷಣದಲ್ಲಿ, ಸ್ವಾಭಿಮಾನಕ್ಕೆ ಪೆಟ್ಟಾದಾಗ, ಹೆಸರು ಹೇಳುವ ನಿರ್ಧಾರ ಮಾಡಬೇಡಿ ಎನ್ನುತ್ತೇನೆ.

ಹಕ್ಕಿಗೂ ಈ ಮರೆ ಬೇಕು ಎಂಬುದನ್ನು ಬಳಗದವರಿಗೆ ನೆನಪಿಸಿದರೆ ಅವರಿಗೆ ನಿಮ್ಮ ನಿಲುವು ಬೇಗ ಅರ್ಥವಾಗಬಹುದು. ಬೇಟೆಗೆ, ಕಳ್ಳಸಾಗಣೆಗೆ ತುತ್ತಾಗುವ ಹಕ್ಕಿಗಳ ನಿಖರ ಸ್ಥಳವನ್ನು ಇ-ಬರ್ಡ್ ತಾನೇ ಮುಚ್ಚಿಡುತ್ತದೆ. ಐ-ನ್ಯಾಚುರಲಿಸ್ಟ್ ಅಳಿವಿನಂಚಿನ ಜೀವಿಗಳ ಗುರುತನ್ನು 0.2 ಡಿಗ್ರಿಯ, ಅಂದರೆ ಹೆಚ್ಚುಕಡಿಮೆ 22 ಕಿಲೋಮೀಟರ್ ಉದ್ದಗಲದ ಚೌಕದೊಳಗೆ ಎಲ್ಲೋ ಒಂದೆಡೆ ಚದುರಿಸಿ ತೋರಿಸುತ್ತದೆ. ಸ್ಥಳ ಮಸುಕಾದ ಮಾತ್ರಕ್ಕೆ ಆ ದಾಖಲೆ ಸುಳ್ಳೆಂದು ಯಾರೂ ಹೇಳುವುದಿಲ್ಲ. ಗೂಬೆಯ ಗೂಡಿಗೆ ಕೊಡುವಷ್ಟು ರಕ್ಷಣೆಯನ್ನು ಅದನ್ನು ನೋಡಿದ ಹೆಂಗಸಿಗೆ ಕೊಡಲು ನಾವು ಹಿಂಜರಿಯಬಾರದು.

ಹಿರಿಯರಿಗೆ ಬಳಗದಲ್ಲಿಯೇ, ಚಿಕ್ಕದಾಗಿ ಉತ್ತರಿಸಿ. “ಸರ್, ನನ್ನ ವೈಯಕ್ತಿಕ ಕಾರಣಗಳಿಗಾಗಿ ಹೆಸರು ಹೇಳುವುದಿಲ್ಲ. ನನ್ನ ಖಾತೆಯ ವಿವರ ಇ-ಬರ್ಡ್ ಪರಿಶೀಲಕರಿಗೆ ಕಾಣುತ್ತದೆ. ಹಕ್ಕಿಯ ಬಗ್ಗೆ ನಿಮ್ಮ ಅನುಮಾನವೇನೆಂದು ತಿಳಿಸಿದರೆ ನನ್ನ ಟಿಪ್ಪಣಿಯಲ್ಲಿರುವುದನ್ನು ಹೇಳುತ್ತೇನೆ.” ಇದಕ್ಕಿಂತ ಹೆಚ್ಚು ಬೇಡ. ಬಳಗದಲ್ಲಿ ನೀವು ನಂಬುವ ಒಬ್ಬಿಬ್ಬರು, ಸಾಧ್ಯವಾದರೆ ಹೆಂಗಸರೇ, ಇದ್ದರೆ ಅವರೊಡನೆ ಒಂದು ಭಾನುವಾರ ಕೆರೆಗೆ ಹೋಗಿಬನ್ನಿ. ‘ಕೆರೆಯಂಗಳ ಅವರನ್ನು ನಾನು ಬಲ್ಲೆ, ಅವರ ಕಣ್ಣು ಚುರುಕಾಗಿದೆ’ ಎಂದು ಮತ್ತೊಬ್ಬರು ಹೇಳುವ ಮಾತಿಗೆ ಬಳಗದಲ್ಲಿ ಎಲ್ಲ ಗುರುತಿನ ಚೀಟಿಗಳಿಗಿಂತ ಹೆಚ್ಚು ತೂಕವಿರುತ್ತದೆ, ಅದಕ್ಕೆ ನಿಮ್ಮ ಹೆಸರು ಹೊರಬೀಳಬೇಕಾಗಿಯೂ ಇಲ್ಲ.

ಕೊನೆಗೆ ಉಳಿದದ್ದು ಹಕ್ಕಿ. ನಮ್ಮ ರಾಜ್ಯಪಕ್ಷಿ ನೀಲಕಂಠದ ಕಂಠ ನೀಲಿಯಲ್ಲ ಎಂಬುದನ್ನು ನೀವು ಗಮನಿಸಿರುತ್ತೀರಿ. ಕತ್ತು ಮತ್ತು ಎದೆ ಕಂದುಮಿಶ್ರಿತ ನಸುನೇರಳೆ, ಅದರ ಮೇಲೆ ಬಿಳಿ ಗೀರುಗಳು. ಕಂಠ ನಿಜವಾಗಿ ನೀಲಿಯಾಗಿರುವುದು ಯುರೋಪಿಯನ್ ರೋಲರ್‌ಗೆ: ತಲೆ, ಕತ್ತು, ಎದೆ ಎಲ್ಲವೂ ಒಂದೇ ತಿಳಿನೀಲಿ, ಬೆನ್ನು ಕೆಂಗಂದು. ಅದು ಆಫ್ರಿಕಕ್ಕೆ ಹೋಗುವ ದಾರಿಯಲ್ಲಿ ಪಶ್ಚಿಮ ಭಾರತವನ್ನು ಹಾಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿಯೇ ಆದ್ದರಿಂದ ನಿಮ್ಮ ದಿನಾಂಕ ನಿಮ್ಮ ಪರವಾಗಿದೆ. ಆದರೆ ಆ ದಿನಗಳಲ್ಲಿ ಬರುವ ಎಳೆಯ ಹಕ್ಕಿಗಳ ಬಣ್ಣ ಮಂಕಾಗಿರುತ್ತದೆ, ಕತ್ತಿನ ಮೇಲೆ ಗೀರುಗಳೂ ಇರಬಹುದು. ಕುಳಿತ ಹಕ್ಕಿಯ ಎದೆಯನ್ನಷ್ಟೇ ನೋಡಿ ನಿರ್ಧರಿಸುವುದು ಸಾಲದು. ಅದು ಹಾರಿದ್ದನ್ನು ನೋಡಿದಿರಾ? ನೀಲಕಂಠ ರೆಕ್ಕೆ ಬಿಚ್ಚಿದರೆ ಕಡುನೀಲಿ, ತಿಳಿನೀಲಿ ಪಟ್ಟಿಗಳು ಒಂದರ ಪಕ್ಕ ಒಂದು ಹೊಳೆಯುತ್ತವೆ. ಯುರೋಪಿಯನ್ ರೋಲರ್‌ನ ಹಾರುಗರಿಗಳು ಕಪ್ಪು. ಟಿಪ್ಪಣಿಯಲ್ಲಿ ಆ ಕಪ್ಪು ಇದ್ದರೆ ಹಳೆಯ ಪಟ್ಟಿಯನ್ನು ತೆರೆದು, ಎಷ್ಟು ಹೊತ್ತು, ಎಷ್ಟು ದೂರದಿಂದ, ಯಾವ ಬೆಳಕಿನಲ್ಲಿ ನೋಡಿದಿರಿ, ನೀಲಕಂಠವಲ್ಲವೆಂದು ಹೇಗೆ ತಿಳಿದಿರಿ ಎಂಬುದನ್ನೆಲ್ಲ ಬರೆಯಿರಿ. ಹಾರಿದ್ದನ್ನು ನೋಡಿಲ್ಲದಿದ್ದರೆ ಜಾತಿ ಖಚಿತವಾಗದ ರೋಲರ್ ಎಂದು ತಿದ್ದಿ, ತಿದ್ದಿದ್ದನ್ನು ಬಳಗದಲ್ಲಿಯೂ ಹೇಳಿ. ಎರಡರಲ್ಲಿ ಯಾವುದಾದರೂ ಸರಿ, ಆ ದಿನದ ಟಿಪ್ಪಣಿ ಹಾಳೆಯ ಫೋಟೊ ತೆಗೆದು ಪಟ್ಟಿಗೆ ಸೇರಿಸಿ. ಹಾಳೆಯ ಮೇಲ್ತುದಿಯಲ್ಲಿ ನಿಮ್ಮ ಹೆಸರೋ ಶಾಲೆಯ ಮೊಹರೋ ಇದ್ದರೆ ಅದನ್ನೊಂದು ಚೂರು ಕಾಗದದಿಂದ ಮುಚ್ಚಿ ತೆಗೆಯಿರಿ.